ಧವಲಾದಿ ಸಿದ್ಧಾಂತಗ್ರಂಥಗಳ ಚಿತ್ರಿತ ತಾಡಪತ್ರಗಳು: ರಚನಾಕ್ರಮ ಮತ್ತು ಸಂಕೇತಾರ್ಥ

ಮೂಡಬಿದಿರೆಯ ಗುರುಬಸದಿಯು ಸಿದ್ಧಾಂತ ಬಸದಿಯೆಂದೂ ಪ್ರಸಿದ್ಧವಾದುದು. ಆ ಪಾರ್ಶ್ವನಾಥ ಜಿನಾಲಯದಲ್ಲಿ ಶತಮಾನಗಳ ಕಾಲ ಸಂರಕ್ಷಿತವಾಗಿ ಉಳಿದುಬಂದ ಧವಲ, ಜಯಧವಲ, ಮಹಾಧವಲಗಳ ತಾಡಪತ್ರಪ್ರತಿಗಳು ದಿಗಂಬರ ಜೈನ ವಾಙ್ಮಯದ ಪರಮನಿಧಿಗಳೆಂಬುದು ವಿದ್ವಲ್ಲೋಕಕ್ಕೆ ವಿದಿತವಾದ ಸಂಗತಿ. ಈ ಪ್ರತಿಗಳಲ್ಲಿ ಕೆಲವು ಗರಿಗಳು ಚಿತ್ರಿತವಾಗಿವೆ. ತೀರ್ಥಂಕರರು, ಶ್ರುತದೇವಿ, ಯಕ್ಷಯಕ್ಷಿಯರು, ಬಾಹುಬಲಿಸ್ವಾಮಿ, ಕೈಮುಗಿದ ಭಕ್ತರು ಇವರೆಲ್ಲರ ಆಕೃತಿಗಳು ಅಂಗೈಯಗಲಕ್ಕೂ ಕಿರಿದಾದ ಗರಿಯಲ್ಲಿ ವರ್ಣಗಳಿಂದ ಮೂಡಿವೆ. ಹೊಯ್ಸಳರ ಕಾಲದ ವರ್ಣಚಿತ್ರಗಳು ಅತ್ಯಂತ ವಿರಳವಾಗಿರುವುದರಿಂದ ಕಲೆಯ ಇತಿಹಾಸಕಾರರು ಇವುಗಳನ್ನು ಬಹುವಾಗಿ ಪ್ರಶಂಸಿಸಿದ್ದಾರೆ. ಆದರೆ ಈ ಚಿತ್ರಗಳಿಗೂ ಅವು ಇರುವ ಗ್ರಂಥಗಳಿಗೂ ಸಂಬಂಧವೇನು ಎಂಬ ಪ್ರಶ್ನೆಗೆ ದೊರೆತ ಉತ್ತರ ಸ್ವಲ್ಪವೇ. ಗ್ರಂಥದ ವಿಷಯ ಕರ್ಮಸಿದ್ಧಾಂತ, ಚಿತ್ರದ ವಿಷಯ ದೇವತಾಮೂರ್ತಿ. ಆದ್ದರಿಂದ ಚಿತ್ರವು ಕೇವಲ ಅಲಂಕಾರ ಎಂಬುದು ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯ. ಈ ಅಭಿಪ್ರಾಯವು ಗ್ರಂಥದ ಸಾಕ್ಷ್ಯಕ್ಕೂ, ದಾನಪ್ರಶಸ್ತಿಯ ಸಾಕ್ಷ್ಯಕ್ಕೂ, ಗರಿಯ ರಚನೆಗೂ ಹೊಂದುವುದಿಲ್ಲವೆಂಬುದನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಗ್ರಂಥ ಮತ್ತು ದಾನ

ಗಿರಿನಗರದ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರಿಂದ ಆಗಮಜ್ಞಾನವನ್ನು ಪಡೆದ ಪುಷ್ಪದಂತ-ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ರಚಿಸಿದರು. ಸತ್ಪ್ರರೂಪಣೆಯ 177 ಸೂತ್ರಗಳು ಪುಷ್ಪದಂತರವು. ಉಳಿದ ಭಾಗ ಭೂತಬಲಿಗಳದು. ಜೀವಸ್ಥಾನ, ಕ್ಷುದ್ರಕಬಂಧ, ಬಂಧಸ್ವಾಮಿತ್ವವಿಚಯ, ವೇದನಾ, ವರ್ಗಣಾ ಎಂಬ ಮೊದಲ ಐದು ಖಂಡಗಳಿಗೆ ವೀರಸೇನಾಚಾರ್ಯರು ಬರೆದ 72,000 ಗ್ರಂಥಪ್ರಮಾಣದ ಟೀಕೆಯೇ ಧವಲಾ. ಆರನೆಯದಾದ ಮಹಾಬಂಧವು ಮಹಾಧವಲವೆಂದು ಪ್ರಸಿದ್ಧಿ ಪಡೆಯಿತು. ಗುಣಧರಾಚಾರ್ಯರ ಕಷಾಯಪ್ರಾಭೃತಕ್ಕೆ ವೀರಸೇನರು ಆರಂಭಿಸಿದ ಜಯಧವಲಾ ಟೀಕೆಯನ್ನು ಅವರ ಶಿಷ್ಯರಾದ ಜಿನಸೇನಾಚಾರ್ಯರು ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ, ಪೂರ್ಣಗೊಳಿಸಿದರು. ಇವೆಲ್ಲವೂ ಪ್ರಾಕೃತ-ಸಂಸ್ಕೃತ ಮಿಶ್ರಭಾಷೆಯ, ಅತಿ ಗಹನವಾದ ಶಾಸ್ತ್ರಗಳು. ಗುಣಸ್ಥಾನ, ಮಾರ್ಗಣಾಸ್ಥಾನ, ಬಂಧ, ಉದಯ, ಸತ್ತ್ವ ಮೊದಲಾದ ವಿಷಯಗಳನ್ನು ಯಾವ ಚಿತ್ರಕಾರನೂ ಕಥೆಯಂತೆ ಚಿತ್ರಿಸಲಾರ.

ಮೂಡಬಿದಿರೆಯ ಪ್ರತಿಗಳು ಹಳೆಯ ಕನ್ನಡ ಲಿಪಿಯಲ್ಲಿವೆ. ಧವಲದ ಪ್ರತಿಯಲ್ಲಿರುವ ಕನ್ನಡ ಪ್ರಶಸ್ತಿಯು ಬಹು ಮುಖ್ಯವಾದ ಸಂಗತಿಯನ್ನು ತಿಳಿಸುತ್ತದೆ. ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆಯಾದ ದೇಮಿಯಕ್ಕನು ಶ್ರುತಪಂಚಮಿಯ ನೋಂಪಿಯನ್ನು ನೋಂತು, ಅದರ ಉದ್ಯಾಪನೆಯಲ್ಲಿ ಶ್ರುತಪೂಜೆಯನ್ನು ಮಾಡಿ, ಬನ್ನಿಕೆರೆಯ ಚೈತ್ಯಾಲಯದ ಆಚಾರ್ಯರೂ ತನ್ನ ಗುರುಗಳೂ ಆದ ಶುಭಚಂದ್ರ ಸಿದ್ಧಾಂತದೇವರಿಗೆ ಈ ಪುಸ್ತಕವನ್ನು ಬರೆಯಿಸಿ ಕೊಟ್ಟಳೆಂಬುದು ಅದರ ತಾತ್ಪರ್ಯ. ಶುಭಚಂದ್ರರು ಶಕ 1045ರಲ್ಲಿ (ಕ್ರಿ.ಶ. 1123) ಸಮಾಧಿಮರಣವನ್ನು ಹೊಂದಿದರೆಂದು ಶ್ರವಣಬೆಳಗೊಳದ ಶಾಸನದಿಂದ ತಿಳಿದುಬರುತ್ತದೆ. ಆದ್ದರಿಂದ ಈ ಪ್ರತಿಯು ಹನ್ನೆರಡನೆಯ ಶತಮಾನದ ಮೊದಲ ಎರಡು ದಶಕಗಳದೆಂಬುದು ಸಿದ್ಧ. ಮಹಾಬಂಧದ ಪ್ರತಿಯೂ ಇದೇ ಬಗೆಯದು. ಮಲ್ಲಿಕಬ್ಬೆಯೆಂಬ ಶ್ರಾವಿಕೆಯು ಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದುದು.

ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಪುಸ್ತಕಾರೂಢಗೊಳಿಸಿ ಜ್ಯೇಷ್ಠ ಶುಕ್ಲ ಪಂಚಮಿಯಂದು ಚತುರ್ವಿಧ ಸಂಘದೊಡನೆ ಅದನ್ನು ಪೂಜಿಸಿದರೆಂದು ಇಂದ್ರನಂದಿಯ ಶ್ರುತಾವತಾರವು ಹೇಳುತ್ತದೆ. ಶ್ರುತಪಂಚಮಿಯ ಮೂಲ ಅದೇ. ಹೀಗಿರಲು ಆ ನೋಂಪಿಯ ಉದ್ಯಾಪನೆಗೆ ಬರೆಯಿಸಿದ ಪುಸ್ತಕವು ಓದುವುದಕ್ಕೆ ಮಾತ್ರವಲ್ಲದೆ ಪೂಜಿಸುವುದಕ್ಕೂ ಸಿದ್ಧವಾದುದು. ಬರೆದವನು ಲಿಪಿಕಾರನಾದರೂ, ಬರೆಯಿಸಿದವಳು ಅದನ್ನು ಜಿನಬಿಂಬದಂತೆ ಪೀಠದ ಮೇಲಿರಿಸಿ ಅರ್ಚಿಸಿದವಳು. ಚಿತ್ರಗಳ ಅರ್ಥವನ್ನು ವಿಚಾರಿಸುವಾಗ ಈ ಸಂದರ್ಭವನ್ನು ಮರೆಯಲಾಗದು.

ಸ್ಥಾಪನಾನಿಕ್ಷೇಪ ಮತ್ತು ಚಿತ್ರಕರ್ಮ

ಚಿತ್ರದ ತತ್ತ್ವವನ್ನು ಹೊರಗಿನ ಶಿಲ್ಪಶಾಸ್ತ್ರಗಳಲ್ಲಿ ಅರಸಬೇಕಾದ ಆವಶ್ಯಕತೆಯಿಲ್ಲ. ಅದು ಈ ಗರಿಗಳಲ್ಲಿ ಬರೆದಿರುವ ಗ್ರಂಥದಲ್ಲಿಯೇ ಇದೆ. ವೇದನಾಖಂಡದ ಕೃತಿ ಅನುಯೋಗದ್ವಾರದಲ್ಲಿ ಸ್ಥಾಪನಾಕೃತಿಯನ್ನು ವಿವರಿಸುವ ಸೂತ್ರವು ಕಾಷ್ಠಕರ್ಮ, ಚಿತ್ರಕರ್ಮ, ಪೋತ್ತಕರ್ಮ, ಲೇಪ್ಯಕರ್ಮ, ಲಯನಕರ್ಮ, ಶೈಲಕರ್ಮ, ಗೃಹಕರ್ಮ, ಭಿತ್ತಿಕರ್ಮ, ದಂತಕರ್ಮ, ಭೇಂಡಕರ್ಮಗಳನ್ನು ಹೆಸರಿಸಿ, ಪಗಡೆಯ ದಾಳ, ಕವಡೆಗಳನ್ನೂ ಅವುಗಳೊಡನೆ ಸೇರಿಸುತ್ತದೆ. ಮರ, ಬಣ್ಣ, ಬಟ್ಟೆ, ಗಾರೆ, ಗುಹೆ, ಕಲ್ಲು, ಗೋಡೆ, ದಂತ ಇವುಗಳಲ್ಲಿ ಯಾವುದರಲ್ಲಾದರೂ ‘ಇದು ಅದು’ ಎಂದು ಬುದ್ಧಿಯಿಂದ ಆರೋಪಿಸಿ ನಿಲ್ಲಿಸುವುದೇ ಸ್ಥಾಪನೆ. ಮೂಲವಸ್ತುವಿನ ಆಕಾರವನ್ನು ಅನುಸರಿಸಿದರೆ ಅದು ಸದ್ಭಾವಸ್ಥಾಪನೆ; ಕವಡೆಯಲ್ಲಿಯೋ ದಾಳದಲ್ಲಿಯೋ ಆರೋಪಿಸಿದಂತೆ ಆಕಾರಸಾದೃಶ್ಯವಿಲ್ಲದಿದ್ದರೆ ಅದು ಅಸದ್ಭಾವಸ್ಥಾಪನೆ.

ವೀರಸೇನಾಚಾರ್ಯರು ಧವಲೆಯ ಆರಂಭದಲ್ಲಿಯೇ ಈ ನಿಕ್ಷೇಪವಿಚಾರವನ್ನು ಮಂಗಲಕ್ಕೆ ಅನ್ವಯಿಸಿದ್ದಾರೆ. ಶಾಸ್ತ್ರವ್ಯಾಖ್ಯಾನಕ್ಕೆ ಮೊದಲು ಮಂಗಲ, ನಿಮಿತ್ತ, ಹೇತು, ಪರಿಮಾಣ, ನಾಮ, ಕರ್ತೃ ಎಂಬ ಆರನ್ನು ಹೇಳಬೇಕೆಂಬುದು ಆಚಾರ್ಯಪರಂಪರೆಯ ಕ್ರಮ. ಅವುಗಳಲ್ಲಿ ಮೊದಲನೆಯದಾದ ಮಂಗಲವನ್ನು ನಾಮ, ಸ್ಥಾಪನಾ, ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂದು ಆರು ವಿಧವಾಗಿ ವಿಭಾಗಿಸಿ ಅವರು ಸವಿಸ್ತಾರವಾಗಿ ಚರ್ಚಿಸುತ್ತಾರೆ. ಮಲವನ್ನು ಕರಗಿಸುವುದು ಮಂಗಲ, ಪುಣ್ಯವನ್ನು ತರುವುದು ಮಂಗಲ ಎಂಬ ಎರಡು ನಿರುಕ್ತಿಗಳೂ ಅಲ್ಲಿಯೇ ಬರುತ್ತವೆ. ಮಂಗಲವನ್ನು ಶಾಸ್ತ್ರದ ಆದಿಯಲ್ಲಿ, ಮಧ್ಯದಲ್ಲಿ, ಅವಸಾನದಲ್ಲಿ ಮಾಡಬೇಕು. ಆದಿಮಂಗಲದಿಂದ ಶಿಷ್ಯರು ಶಾಸ್ತ್ರದ ಪಾರವನ್ನು ಸೇರುವರು, ಮಧ್ಯಮಂಗಲದಿಂದ ವಿದ್ಯೆ ನಿರ್ವಿಘ್ನವಾಗಿ ಸಾಗುವುದು, ಅಂತ್ಯಮಂಗಲದಿಂದ ವಿದ್ಯಾಫಲ ಲಭಿಸುವುದು ಎಂಬ ಅಭಿಪ್ರಾಯವು ತಿಲೋಯಪಣ್ಣತ್ತಿಯಲ್ಲಿಯೂ ಕಂಡುಬರುತ್ತದೆ.

ಇದನ್ನು ಗ್ರಹಿಸಿದ ಬಳಿಕ ಚಿತ್ರಗಳ ಸ್ಥಾನವು ತಾನಾಗಿಯೇ ಸ್ಪಷ್ಟವಾಗುತ್ತದೆ. ಗರಿಯ ಮೇಲಿನ ಅಕ್ಷರಪಂಕ್ತಿ ದ್ರವ್ಯಶ್ರುತ. ಅದರ ಪಕ್ಕದ ಚಿತ್ರ ಸದ್ಭಾವಸ್ಥಾಪನಾರೂಪವಾದ ಮಂಗಲ. ಪುಷ್ಪದಂತಾಚಾರ್ಯರು ಪಂಚನಮಸ್ಕಾರವನ್ನು ಸೂತ್ರಗಳ ಆದಿಯಲ್ಲಿ ನಿಬಂಧಿಸಿದಂತೆ ಚಿತ್ರಕಾರನು ಜಿನಬಿಂಬವನ್ನು ಗರಿಯಲ್ಲಿ ನಿಬಂಧಿಸಿದ್ದಾನೆ. ಒಂದು ಮಾತಿನ ಮಂಗಲ, ಇನ್ನೊಂದು ರೂಪದ ಮಂಗಲ. ಚಿತ್ರವು ಗ್ರಂಥದ ವಿಷಯವನ್ನು ವಿವರಿಸುವುದಿಲ್ಲ ಎಂಬುದು ನಿಜ. ಆದರೆ ಪಂಚನಮಸ್ಕಾರವೂ ಕರ್ಮಬಂಧವನ್ನು ವಿವರಿಸುವುದಿಲ್ಲ. ಆ ಕಾರಣದಿಂದ ಅದನ್ನು ಅಲಂಕಾರವೆಂದು ಯಾವ ಪಂಡಿತನೂ ಹೇಳಿಲ್ಲ.

ಗರಿಯ ರಚನೆ

ತಾಳೆಯ ಗರಿ ಉದ್ದವಾದುದು, ಅಗಲದಲ್ಲಿ ಕೆಲವೇ ಬೆರಳುಗಳಷ್ಟು. ದಾರವನ್ನು ಪೋಣಿಸುವ ರಂಧ್ರಗಳಿಂದಾಗಿ ಗರಿಯ ಮೈ ಸಹಜವಾಗಿಯೇ ಭಾಗಭಾಗವಾಗುತ್ತದೆ. ರಂಧ್ರದ ಸುತ್ತ ಅಕ್ಷರವಿಲ್ಲದ ಸ್ಥಳವನ್ನು ಬಿಡಲೇಬೇಕು. ಲಿಪಿಕಾರನಿಗೆ ಇದು ನಿರ್ಬಂಧ. ಚಿತ್ರಕಾರನು ಈ ನಿರ್ಬಂಧವನ್ನೇ ರಚನೆಯ ಆಧಾರವನ್ನಾಗಿ ಮಾಡಿಕೊಂಡನು. ಚಿತ್ರಗಳು ಕೆಲವು ಗರಿಗಳಲ್ಲಿ ನಟ್ಟನಡುವೆ ಇವೆ, ಕೆಲವುಗಳಲ್ಲಿ ಎರಡು ತುದಿಗಳಲ್ಲಿ ಇವೆ. ಅಕ್ಷರಗಳು ಅವುಗಳ ಪಕ್ಕದಲ್ಲಿ ಅಥವಾ ನಡುವೆ ಹರಿಯುತ್ತವೆ. ಬಳ್ಳಿ, ಹೂವುಗಳ ಪಟ್ಟಿಕೆಗಳು ಅಕ್ಷರಕ್ಷೇತ್ರವನ್ನೂ ಚಿತ್ರಕ್ಷೇತ್ರವನ್ನೂ ಬೇರ್ಪಡಿಸುವುದರೊಡನೆ ಕೂಡಿಸುತ್ತವೆ. ಗರಿಯ ಎರಡು ತುದಿ ಮತ್ತು ನಡುವೆಂಬ ಈ ಮೂರು ಸ್ಥಾನಗಳು ಆದಿ-ಮಧ್ಯ-ಅವಸಾನ ಮಂಗಲಗಳ ಕ್ರಮವನ್ನು ನೆನಪಿಗೆ ತರುವುದು ಸಹಜ. ಚಿತ್ರಕಾರನ ಉದ್ದೇಶವನ್ನು ಹೇಳುವ ಲಿಖಿತ ಪ್ರಮಾಣ ಇಲ್ಲವಾದುದರಿಂದ ಇದನ್ನು ಅನುಮಾನವೆಂದೇ ಗ್ರಹಿಸಬೇಕು. ಆದರೆ ಗ್ರಂಥ, ಸಂದರ್ಭ, ಸ್ಥಾನ ಮೂರೂ ಒಂದೇ ದಿಕ್ಕಿಗೆ ಬೆರಳು ತೋರುತ್ತಿರುವಾಗ ಈ ಅನುಮಾನವು ನಿರಾಧಾರವಲ್ಲ.

ಇನ್ನೊಂದು ರಚನಾವಿಶೇಷ ಇದಕ್ಕಿಂತಲೂ ಗಮನಾರ್ಹವಾದುದು. ಬಸದಿಯಲ್ಲಿಯೂ ಸಮವಸರಣದ ಕಲ್ಪನೆಯಲ್ಲಿಯೂ ಶ್ರೇಣಿಯು ಕೆಳಗಿನಿಂದ ಮೇಲಕ್ಕೆ ಏರುವುದು. ಸೋಪಾನ, ಪ್ರಾಕಾರ, ಪೀಠ, ಗಂಧಕುಟಿ, ಅದರ ಮೇಲೆ ಸಿಂಹಾಸನವನ್ನೂ ಮುಟ್ಟದೆ ವಿರಾಜಿಸುವ ಭಗವಂತ ಎಂಬುದು ಕ್ರಮ. ತಾಳೆಗರಿಯಲ್ಲಿ ಏರುವುದಕ್ಕೆ ಎಡೆಯಿಲ್ಲ. ಆದ್ದರಿಂದ ಚಿತ್ರಕಾರನು ಊರ್ಧ್ವಕ್ರಮವನ್ನು ತಿರ್ಯಕ್‌ಕ್ರಮವನ್ನಾಗಿ ಪರಿವರ್ತಿಸಿದನು. ಮೇಲು-ಕೆಳಗು ಎಂಬುದು ನಡು-ಅಂಚು ಎಂದಾಯಿತು. ನಡುವೆ ಜಿನ, ಅವನ ಇಕ್ಕೆಲಗಳಲ್ಲಿ ಚಾಮರಧಾರಿಗಳು ಅಥವಾ ಶಾಸನದೇವತೆಗಳು, ಅವರಾಚೆ ಭಕ್ತರು. ಭಕ್ತರ ಮುಖವೂ ಅಂಜಲಿಯೂ ನಡುವಿನತ್ತ ತಿರುಗಿರುವುದರಿಂದ ನೋಡುವವನ ದೃಷ್ಟಿ ಎಲ್ಲಿಂದ ಹೊರಟರೂ ಜಿನನಲ್ಲಿಗೇ ಬಂದು ನಿಲ್ಲುತ್ತದೆ. ಬಸದಿಯಲ್ಲಿ ಕಾಲುಗಳು ಮಾಡುವ ಯಾತ್ರೆಯನ್ನು ಗರಿಯಲ್ಲಿ ಕಣ್ಣು ಮಾಡುತ್ತದೆ.

ಸ್ಥಿರತೆ ಮತ್ತು ಚಲನೆ

ಈ ತಿರ್ಯಕ್‌ಕ್ರಮದಲ್ಲಿ ಭಾವದ ಶ್ರೇಣಿಯೂ ಅಡಗಿದೆ. ಅದನ್ನು ವ್ಯಕ್ತಪಡಿಸುವ ಸಾಧನ ದೇಹದ ಭಂಗ. ಜಿನಬಿಂಬವು ಖಡ್ಗಾಸನದಲ್ಲಿದ್ದರೆ ಸಮಭಂಗ, ಪದ್ಮಾಸನದಲ್ಲಿದ್ದರೆ ಎರಡು ಪಾರ್ಶ್ವಗಳೂ ಸಮಾನ. ಎಡಬಲಗಳ ತೂಕದಲ್ಲಿ ಕೂದಲೆಳೆಯಷ್ಟು ಭೇದವೂ ಇರಬಾರದು. ವಸ್ತ್ರವಿಲ್ಲ, ಆಭರಣವಿಲ್ಲ, ಆಯುಧವಿಲ್ಲ. ಪಕ್ಷಪಾತವಿಲ್ಲದ ಮನಸ್ಸಿಗೆ ಎಡಬಲಗಳ ಭೇದವಿಲ್ಲದ ದೇಹವೇ ಸಂಕೇತ. ಶಾಸನದೇವತೆಗಳು ಒಂದು ಕಾಲನ್ನು ಮಡಿಸಿ ಇನ್ನೊಂದನ್ನು ಇಳಿಬಿಟ್ಟು ಲಲಿತಾಸನದಲ್ಲಿ ಕುಳಿತವರು. ಅವರಿಗೆ ಕಿರೀಟ, ಹಾರ, ಆಯುಧ, ವಾಹನಗಳುಂಟು. ಅವರು ಸರಾಗಿಗಳು, ಆದರೆ ಜಿನಶಾಸನದಲ್ಲಿ ಅನುರಕ್ತರು. ಭಕ್ತರಲ್ಲಿ ಬಾಗುವಿಕೆ ಇನ್ನೂ ಹೆಚ್ಚು. ಕೊರಳು, ನಡು, ಮೊಣಕಾಲುಗಳೆಲ್ಲ ಬಾಗಿ, ಉಡುಗೆಯ ಅಂಚುಗಳೂ ಅಲೆಯುತ್ತಿರುವಂತೆ ತೋರುತ್ತವೆ.

ಅಂಚಿನಿಂದ ನಡುವಿಗೆ ಬರುತ್ತ ಚಲನೆಯು ಕ್ರಮೇಣ ಕಡಮೆಯಾಗಿ ಕಡೆಗೆ ನಿಶ್ಚಲತೆಯಲ್ಲಿ ಲೀನವಾಗುತ್ತದೆ. ರಾಗದಿಂದ ವೀತರಾಗತೆಗೆ ಸಾಗುವ ದಾರಿಯನ್ನು ರೇಖೆಯೊಂದರಿಂದಲೇ ಹೇಳುವ ವಿಧಾನವಿದು. ಗುಣಸ್ಥಾನಗಳನ್ನು ಚಿತ್ರಿಸಲು ಸಾಧ್ಯವಿಲ್ಲವೆಂದು ಮೊದಲು ಹೇಳಿದೆ. ಅವುಗಳ ಪಟ್ಟಿಯನ್ನು ಚಿತ್ರಿಸಲು ಸಾಧ್ಯವಿಲ್ಲದಿದ್ದರೂ ಅವುಗಳ ದಿಕ್ಕನ್ನು ಚಿತ್ರಿಸಲು ಸಾಧ್ಯವೆಂಬುದನ್ನು ಈ ಗರಿಗಳು ತೋರಿಸುತ್ತವೆ. ಯೋಗನಿರೋಧವನ್ನು ಸಾರುವ ಗ್ರಂಥದ ನಡುವೆ, ಅತ್ಯಂತ ಸ್ಥಿರವಾದ ಆಕೃತಿಯೇ ಅತ್ಯಂತ ಪೂಜ್ಯವಾದ ಆಕೃತಿಯಾಗಿರುವುದು ಆಕಸ್ಮಿಕವಲ್ಲ.

ಅಷ್ಟಮಹಾಪ್ರಾತಿಹಾರ್ಯಗಳ ವಿಚಾರವೂ ಇಲ್ಲಿ ಪ್ರಸ್ತುತ. ಅಶೋಕವೃಕ್ಷ, ಪುಷ್ಪವೃಷ್ಟಿ, ಚಾಮರ, ಸಿಂಹಾಸನ, ಭಾಮಂಡಲ, ದುಂದುಭಿ, ಛತ್ರತ್ರಯ ಈ ಏಳನ್ನು ಶಿಲ್ಪಿಯೂ ಚಿತ್ರಕಾರನೂ ರೂಪಿಸಬಲ್ಲರು. ದಿವ್ಯಧ್ವನಿ ಮಾತ್ರ ಕಿವಿಗೆ ವಿಷಯವಾದುದು, ಕಣ್ಣಿಗೆ ಗೋಚರವಾಗದು. ಕಲ್ಲಿನ ಬಿಂಬದಲ್ಲಿ ಅದರ ಸ್ಥಾನವನ್ನು ಊಹಿಸಿಕೊಳ್ಳಬೇಕು. ಆದರೆ ಚಿತ್ರಿತ ಗರಿಯಲ್ಲಿ ಜಿನಬಿಂಬದ ಪಕ್ಕದಿಂದಲೇ ಅಕ್ಷರಪಂಕ್ತಿಗಳು ಹೊರಡುತ್ತವೆ. ಭಗವಂತನ ದಿವ್ಯಧ್ವನಿಯನ್ನು ಗೌತಮ ಗಣಧರರು ದ್ವಾದಶಾಂಗವಾಗಿ ಗ್ರಥಿಸಿದರು. ಅದರ ಉಳಿದ ಅಂಶವು ಆಚಾರ್ಯಪರಂಪರೆಯಿಂದ ಧರಸೇನರಿಗೆ ಬಂದು ಈ ಸೂತ್ರಗಳಾಯಿತು. ಹೀಗೆ ನೋಡಿದರೆ ಚಿತ್ರದಲ್ಲಿ ಕಾಣದ ಎಂಟನೆಯ ಪ್ರಾತಿಹಾರ್ಯವು ಚಿತ್ರದ ಪಕ್ಕದಲ್ಲಿ ಅಕ್ಷರರೂಪದಿಂದ ಪೂರ್ಣವಾಗಿದೆ. ಚಿತ್ರವನ್ನು ಗರಿಯಿಂದ ಬೇರ್ಪಡಿಸಿದ ಕ್ಷಣದಲ್ಲಿಯೇ ಈ ಅರ್ಥವು ನಷ್ಟವಾಗುತ್ತದೆ.

ಶ್ರುತದೇವಿಯ ಆಭರಣಗಳು

ಸರಸ್ವತಿ ಅಥವಾ ಶ್ರುತದೇವಿಯ ಚಿತ್ರವು ಈ ಪ್ರತಿಗಳಲ್ಲಿ ವಿಶೇಷ ಗೌರವವನ್ನು ಪಡೆದಿದೆ. ಶ್ರುತಪಂಚಮಿಯ ಉದ್ಯಾಪನೆಯ ಪುಸ್ತಕದಲ್ಲಿ ಅದು ಸಹಜವೇ. ಆದರೆ ನಾನಾಭರಣಗಳಿಂದ ಶೋಭಿಸುವ ಈ ದೇವಿಯನ್ನು ಹೊಯ್ಸಳ ಶಿಲ್ಪದ ಮದನಿಕೆಯರೊಡನೆ ಹೋಲಿಸಿ, ಆ ಕಾಲದ ಅಲಂಕಾರಪ್ರಿಯತೆಯ ನಿದರ್ಶನವೆಂದು ಮಾತ್ರ ಹೇಳಿ ಮುಗಿಸುವುದು ಸರಿಯಲ್ಲ. ಧವಲೆಯ ಮಂಗಲಗಾಥೆಗಳಲ್ಲಿ ವೀರಸೇನಾಚಾರ್ಯರು ಶ್ರುತದೇವತೆಯನ್ನು ಸ್ತುತಿಸುವ ಬಗೆಯನ್ನು ಗಮನಿಸಬೇಕು. ಅವಳು ಹನ್ನೆರಡು ಅಂಗಗಳಿಂದ ಗ್ರಾಹ್ಯಳಾದವಳು. ಮಲ ಮತ್ತು ಮೂಢತೆಗಳಿಲ್ಲದ ಸಮ್ಯಗ್ದರ್ಶನವೇ ಅವಳ ಹಣೆಯ ತಿಲಕ. ನಾನಾ ವಿಧವಾದ ಶ್ರೇಷ್ಠ ಚಾರಿತ್ರವೇ ಅವಳ ಆಭರಣ.

ಈ ಗಾಥೆಯ ಅಭಿಪ್ರಾಯವನ್ನು ಮುಂದಿಟ್ಟುಕೊಂಡು ಚಿತ್ರವನ್ನು ನೋಡಿದರೆ ಪ್ರತಿಯೊಂದು ಅಲಂಕಾರವೂ ಅರ್ಥವತ್ತಾಗುತ್ತದೆ. ದೇವಿಯ ದೇಹ ಆಚಾರಾಂಗಾದಿ ದ್ವಾದಶಾಂಗ, ತಿಲಕ ದರ್ಶನ, ಆಭರಣ ಚಾರಿತ್ರ. ಅವಳು ಸ್ವಯಂ ಜ್ಞಾನರೂಪಿಣಿ. ಎಂದರೆ ರತ್ನತ್ರಯವೇ ಸ್ತ್ರೀರೂಪದಿಂದ ಗರಿಯಲ್ಲಿ ಕುಳಿತಿದೆ. ಜಿನಬಿಂಬದಲ್ಲಿ ಆಭರಣದ ಅಭಾವವು ಯಾವ ತತ್ತ್ವವನ್ನು ಹೇಳುವುದೋ ಶ್ರುತದೇವಿಯಲ್ಲಿ ಆಭರಣದ ಸದ್ಭಾವವು ಆ ತತ್ತ್ವದ ಸಾಧನವನ್ನು ಹೇಳುತ್ತದೆ. ಒಂದೇ ವಸ್ತು ಒಂದೆಡೆ ತ್ಯಾಜ್ಯವಾಗಿಯೂ ಇನ್ನೊಂದೆಡೆ ಚಾರಿತ್ರದ ಸಂಕೇತವಾಗಿಯೂ ತೋರುವುದರಲ್ಲಿ ವಿರೋಧವಿಲ್ಲ. ಅಪೇಕ್ಷಾಭೇದದಿಂದ ಅರ್ಥಭೇದವನ್ನು ಗ್ರಹಿಸುವುದು ಅನೇಕಾಂತವಾದಿಗಳಿಗೆ ಹೊಸತಲ್ಲ.

ವಾಹನ, ವರ್ಣ, ಲಾಂಛನ

ಕಿರಿದಾದ ಕ್ಷೇತ್ರದಲ್ಲಿ ದೇವತೆಗಳನ್ನು ಗುರುತಿಸುವುದಕ್ಕೆ ಹೆಚ್ಚಿನ ಸಾಧನಗಳಿಲ್ಲ. ಶಿಲ್ಪದಲ್ಲಿ ಪೀಠದ ಮೇಲೆ ಕಾಣುವ ಲಾಂಛನಕ್ಕೆ ಗರಿಯಲ್ಲಿ ಅವಕಾಶ ಕಡಮೆ. ಆದ್ದರಿಂದ ಹೆಡೆಗಳ ಛತ್ರದಿಂದ ಪಾರ್ಶ್ವನಾಥನನ್ನೂ, ಆತನ ಪಾರ್ಶ್ವದಲ್ಲಿರುವುದರಿಂದ ಧರಣೇಂದ್ರ-ಪದ್ಮಾವತಿಯರನ್ನೂ, ಮಾವು-ಮಕ್ಕಳು-ಸಿಂಹಗಳಿಂದ ನೇಮಿನಾಥನ ಯಕ್ಷಿಯಾದ ಅಂಬಿಕೆಯನ್ನೂ ಗುರುತಿಸಬೇಕು. ವೃಷಭವಾಹನೆಯಾದ ಯಕ್ಷಿಯು ಸುಪಾರ್ಶ್ವನಾಥನ ಕಾಳಿ. ಕೂರ್ಮವಾಹನನಾದ ಯಕ್ಷನು ಪುಷ್ಪದಂತ ತೀರ್ಥಂಕರನ ಅಜಿತ. ಶ್ವೇತಾಂಬರ ಆಮ್ನಾಯದಲ್ಲಿ ಸುಪಾರ್ಶ್ವನಾಥನ ಯಕ್ಷಿ ಶಾಂತಾ, ಅವಳ ವಾಹನ ಆನೆ. ಆದ್ದರಿಂದ ಒಂದು ಪುಟ್ಟ ವಾಹನದ ಚಿತ್ರವೂ ಆಮ್ನಾಯನಿರ್ಣಯಕ್ಕೆ ಪ್ರಮಾಣವಾಗಬಲ್ಲುದು. ಯಕ್ಷಯಕ್ಷಿಯರ ಲಕ್ಷಣಗಳಿಗೆ ಸಾಮಾನ್ಯವಾಗಿ ಉಲ್ಲೇಖಿಸುವ ಪಂಡಿತ ಆಶಾಧರರ ಪ್ರತಿಷ್ಠಾಗ್ರಂಥವು ಹದಿಮೂರನೆಯ ಶತಮಾನದ್ದು. ಈ ಗರಿಗಳು ಅದಕ್ಕಿಂತ ಹಿಂದಿನವು. ಲಕ್ಷಣಗ್ರಂಥವನ್ನು ನೋಡಿ ಚಿತ್ರವನ್ನು ತೂಗುವುದರ ಜೊತೆಗೆ, ಚಿತ್ರವನ್ನು ನೋಡಿ ಲಕ್ಷಣದ ಪ್ರಾಚೀನತೆಯನ್ನು ನಿರ್ಣಯಿಸಬೇಕಾದ ಸಂದರ್ಭವಿದು.

ವರ್ಣದ ವಿಷಯದಲ್ಲಿಯೂ ಎಚ್ಚರ ಅಗತ್ಯ. ದಿಗಂಬರ ಪರಂಪರೆಯಂತೆ ಚಂದ್ರಪ್ರಭ-ಪುಷ್ಪದಂತರು ಶ್ವೇತವರ್ಣರು, ಪದ್ಮಪ್ರಭ-ವಾಸುಪೂಜ್ಯರು ರಕ್ತವರ್ಣರು, ಸುಪಾರ್ಶ್ವ-ಪಾರ್ಶ್ವರು ಹರಿತವರ್ಣರು, ಮುನಿಸುವ್ರತ-ನೇಮಿಗಳು ನೀಲವರ್ಣರು, ಉಳಿದ ಹದಿನಾರು ತೀರ್ಥಂಕರರು ಸುವರ್ಣವರ್ಣರು. ಆದ್ದರಿಂದ ಚಿತ್ರದಲ್ಲಿನ ದೇಹವರ್ಣವು ಮೊದಲಿಗೆ ಯಾರು ಎಂಬುದನ್ನು ಹೇಳುತ್ತದೆ, ಎಂಥವರು ಎಂಬುದನ್ನಲ್ಲ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂಬ ಲೇಶ್ಯೆಗಳ ವಿಚಾರ ಈ ಗ್ರಂಥಗಳಲ್ಲಿ ವಿಪುಲವಾಗಿರುವುದನ್ನು ಕಂಡು, ಚಿತ್ರದ ಪ್ರತಿಯೊಂದು ಬಣ್ಣವನ್ನೂ ಲೇಶ್ಯೆಯ ಸಂಕೇತವೆಂದು ಹೇಳಹೊರಡುವುದು ಅತಿವ್ಯಾಪ್ತಿದೋಷಕ್ಕೆ ಎಡೆಗೊಡುತ್ತದೆ. ದ್ರವ್ಯಲೇಶ್ಯೆ ಶರೀರದ ವರ್ಣ, ಭಾವಲೇಶ್ಯೆ ಕಷಾಯಾನುರಂಜಿತವಾದ ಯೋಗಪ್ರವೃತ್ತಿ. ಎರಡರ ಭೇದವನ್ನು ಶಾಸ್ತ್ರವೇ ಮಾಡಿದೆ. ನೀಲವರ್ಣನಾದ ನೇಮಿನಾಥನಲ್ಲಿ ನೀಲಲೇಶ್ಯೆಯನ್ನು ಕಲ್ಪಿಸುವುದು ಅಸಂಗತವೆಂಬುದನ್ನು ಹೇಳಬೇಕಾಗಿಲ್ಲ. ಬಣ್ಣದಿಂದ ಭಾವವನ್ನು ಸೂಚಿಸುವ ಚಿತ್ರವೂ ಜೈನರಲ್ಲಿ ಉಂಟು. ಶ್ರವಣಬೆಳಗೊಳದ ಜೈನ ಮಠದ ಭಿತ್ತಿಯಲ್ಲಿ ಹಣ್ಣಿನ ಮರವನ್ನೂ ಅದನ್ನು ಬಯಸಿದ ಆರು ಮಂದಿಯನ್ನೂ ಚಿತ್ರಿಸಿರುವ ಷಡ್ಲೇಶ್ಯೆಯ ದೃಷ್ಟಾಂತವು ಅಂಥದು. ಅಲ್ಲಿ ದೃಷ್ಟಾಂತವೇ ಚಿತ್ರದ ವಿಷಯ. ಇಲ್ಲಿ ಹಾಗಲ್ಲ. ಸಂಕೇತವನ್ನು ಎಲ್ಲಿ ಕಾಣಬೇಕೆಂಬುದರಷ್ಟೇ ಎಲ್ಲಿ ಕಾಣಬಾರದೆಂಬುದೂ ಮುಖ್ಯ.

ಬಾಹುಬಲಿಯ ಪಾರ್ಶ್ವದ ಸ್ತ್ರೀಯರು

ಗ್ರಂಥಜ್ಞಾನವಿಲ್ಲದೆ ಚಿತ್ರವನ್ನು ಓದಿದರೆ ಒದಗುವ ತೊಡಕಿಗೆ ಬಾಹುಬಲಿಸ್ವಾಮಿಯ ಚಿತ್ರ ಉತ್ತಮ ನಿದರ್ಶನ. ಪ್ರತಿಮಾಯೋಗದಲ್ಲಿ ನಿಂತ ಸ್ವಾಮಿಯ ದೇಹವನ್ನು ಬಳ್ಳಿಗಳು ಸುತ್ತಿವೆ. ಇಕ್ಕೆಲಗಳಲ್ಲಿ ಇಬ್ಬರು ಸ್ತ್ರೀಯರಿದ್ದಾರೆ. ಕಲೆಯ ಇತಿಹಾಸಕಾರರು ಅವರನ್ನು ಬ್ರಾಹ್ಮೀ-ಸುಂದರಿಯರೆಂಬ ಸಹೋದರಿಯರೆಂದು ಹೆಸರಿಸಿದ್ದಾರೆ. ತಂಗಿಯರು ಬಂದು ಅಣ್ಣನಿಗೆ ಮಾನಕಷಾಯದ ಆನೆಯಿಂದ ಇಳಿಯೆಂದು ತಿಳಿಹೇಳಿದ ಕಥೆ ಶ್ವೇತಾಂಬರ ಪರಂಪರೆಯಲ್ಲಿ ಪ್ರಸಿದ್ಧ. ಆದರೆ ಜಿನಸೇನಾಚಾರ್ಯರ ಆದಿಪುರಾಣದ 36ನೆಯ ಪರ್ವದಲ್ಲಿ, ಕ್ರೀಡಾರ್ಥವಾಗಿ ಅಲ್ಲಿಗೆ ಬಂದ ವಿದ್ಯಾಧರಿಯರು ಮುನಿಯ ದೇಹಕ್ಕೆ ಹಬ್ಬಿದ ಬಳ್ಳಿಗಳನ್ನು ಬಿಡಿಸಿದರೆಂದು ಹೇಳಿದೆ. ಕೇವಲಜ್ಞಾನೋದಯದ ಪ್ರಸಂಗದಲ್ಲಿ ಅಲ್ಲಿ ಬರುವವನು ಭರತ ಚಕ್ರವರ್ತಿ.

ಜಯಧವಲೆಯನ್ನು ಪೂರ್ಣಗೊಳಿಸಿದ ಆಚಾರ್ಯರೇ ಆದಿಪುರಾಣದ ಕರ್ತೃಗಳು. ಅವರ ಟೀಕೆಯನ್ನೊಳಗೊಂಡ ಗ್ರಂಥಸಮೂಹದ ಚಿತ್ರವನ್ನು ಅವರ ಪುರಾಣದಿಂದಲೇ ಅರ್ಥೈಸುವುದು ನ್ಯಾಯ. ಆಗ ಚಿತ್ರದ ಅರ್ಥವು ಬದಲಾಗುತ್ತದೆ. ಸಹೋದರಿಯರೆಂದರೆ ಅದು ಉಪದೇಶದ ಚಿತ್ರ: ಮುನಿಯಲ್ಲಿ ಏನೋ ಕೊರತೆಯಿದೆ, ಅದನ್ನು ಹೇಳಲು ಅವರು ಬಂದಿದ್ದಾರೆ. ವಿದ್ಯಾಧರಿಯರೆಂದರೆ ಅದು ನಿಶ್ಚಲತೆಯ ಚಿತ್ರ: ಬಳ್ಳಿ ಹಬ್ಬಿದರೂ, ಬಿಡಿಸಿದರೂ ಮುನಿಗೆ ವ್ಯತ್ಯಾಸವಿಲ್ಲ. ಬಾಗಿ ಬಳುಕುವ ಎರಡು ಸ್ತ್ರೀರೂಪಗಳ ಮತ್ತು ಬಳ್ಳಿಗಳ ನಡುವೆ ನೇರವಾಗಿ ನಿಂತ ದೇಹವು ಈ ಎರಡನೆಯ ಅರ್ಥವನ್ನೇ ಸಮರ್ಥಿಸುತ್ತದೆ. ಒಂದು ಹೆಸರಿನ ಆಯ್ಕೆಯಿಂದ ಇಡೀ ಚಿತ್ರದ ತಾತ್ಪರ್ಯವು ಹೇಗೆ ತಿರುಗುವುದೆಂಬುದನ್ನು ಇಲ್ಲಿ ಗಮನಿಸಬಹುದು.

ಆಕ್ಷೇಪ ಮತ್ತು ಸಮಾಧಾನ

ಇಲ್ಲಿ ಒಂದು ಆಕ್ಷೇಪ ಬರಬಹುದು. ತೀರ್ಥಂಕರ, ಯಕ್ಷ, ಭಕ್ತರ ಚಿತ್ರಗಳು ಯಾವ ಜೈನ ಗ್ರಂಥದಲ್ಲಿಯೂ ಇರಬಹುದು. ಅವುಗಳಿಗೆ ಧವಲೆಯೊಡನೆ ವಿಶೇಷ ಸಂಬಂಧವನ್ನು ಕಲ್ಪಿಸುವುದೇಕೆ? ಇದಕ್ಕೆ ಸಮಾಧಾನವನ್ನು ಪಶ್ಚಿಮ ಭಾರತದ ಗ್ರಂಥಭಂಡಾರಗಳ ಸಾಕ್ಷ್ಯದಿಂದಲೂ ಹೇಳಬಹುದು. ಜೈಸಲಮೇರಿನ ಕ್ರಿ.ಶ. 1060ರ ಓಘನಿರ್ಯುಕ್ತಿಯ ಪ್ರತಿಯಲ್ಲಿಯೂ ಪಾಟಣದ ಕ್ರಿ.ಶ. 1100ರ ನಿಶೀಥಚೂರ್ಣಿಯ ಪ್ರತಿಯಲ್ಲಿಯೂ ಚಿತ್ರಗಳಿವೆ. ಅವೂ ಮುನಿಗಳ ಆಚಾರವನ್ನು ಕುರಿತ ಗ್ರಂಥಗಳು. ಅಲ್ಲಿನ ಚಿತ್ರಗಳೂ ಕಥೆಯನ್ನು ಹೇಳದೆ ಮಂಗಲರೂಪಗಳನ್ನು ಮಾತ್ರ ನಿಲ್ಲಿಸುತ್ತವೆ. ಕಲ್ಪಸೂತ್ರ, ಕಾಲಕಕಥೆಗಳ ಪ್ರತಿಗಳಲ್ಲಿ ಕಥಾಚಿತ್ರಣವು ಪ್ರಬಲವಾದುದು ತರುವಾಯ. ಉತ್ತರ ಭಾರತದ ದಿಗಂಬರರಲ್ಲಿಯೂ ಕ್ರಿ.ಶ. 1404ರ ಆದಿಪುರಾಣದ ಪ್ರತಿಯಂಥ ಕಥಾಚಿತ್ರಿತ ಗ್ರಂಥಗಳು ಕಾಲಾಂತರದವು. ಆದ್ದರಿಂದ ಚಿತ್ರಿತ ಜೈನಗ್ರಂಥದ ಮೊದಲ ಅವಸ್ಥೆಯಲ್ಲಿ ಚಿತ್ರವೆಂದರೆ ಮಂಗಲವೇ ಎಂಬುದು ಎರಡು ಆಮ್ನಾಯಗಳಿಗೂ ಸಮಾನ. ಧವಲೆಯ ವಿಶೇಷವೇನೆಂದರೆ, ಆ ಮಂಗಲದ ತತ್ತ್ವವಿಚಾರವೂ ಅದೇ ಗರಿಕಟ್ಟಿನೊಳಗೆ ಇರುವುದು.

ಮತ್ತೊಂದು ಆಕ್ಷೇಪ: ಚಿತ್ರಕಾರನು ಶಾಸ್ತ್ರಜ್ಞನೇ? ಅವನು ಸ್ಥಾಪನಾನಿಕ್ಷೇಪವನ್ನು ತಿಳಿದಿದ್ದನೆಂಬುದಕ್ಕೆ ಪ್ರಮಾಣವೇನು? ಚಿತ್ರಕಾರನು ಸೂತ್ರಗಳನ್ನು ಓದಿದ್ದನೆಂದು ಹೇಳಬೇಕಾಗಿಲ್ಲ. ಪುಸ್ತಕವು ಸಿದ್ಧಾಂತದೇವರೆಂಬ ಬಿರುದಿನ ಗುರುಗಳಿಗಾಗಿ, ಅವರ ಶಿಷ್ಯೆಯಿಂದ ಸಿದ್ಧವಾದುದು. ಕೈ ಚಿತ್ರಕಾರನದಾದರೂ ಅದನ್ನು ಸ್ವೀಕರಿಸಿದ ಕಣ್ಣು ಶಾಸ್ತ್ರದ ಕಣ್ಣು. ಅಂಥವರ ಪೂಜಾಪೀಠಕ್ಕೆ ಹೋಗುವ ಗರಿಯಲ್ಲಿ ಅರ್ಥವಿಲ್ಲದ ರೂಪಕ್ಕೆ ಎಡೆಯಿರಲಾರದು. ಇದೇ ಕಾರಣದಿಂದ ಗರಿಗಳಲ್ಲಿನ ಭಕ್ತರ ಆಕೃತಿಗಳಿಗೆ ಪ್ರಸಿದ್ಧ ರಾಜರಾಣಿಯರ ಹೆಸರನ್ನು ಹಚ್ಚುವ ಪ್ರವೃತ್ತಿಯೂ ಅನಾವಶ್ಯಕ. ಬರೆಯಿಸಿದವರ ಹೆಸರನ್ನು ಪ್ರಶಸ್ತಿಯೇ ಹೇಳುತ್ತಿರುವಾಗ ಸಿಂಹಾಸನದತ್ತ ನೋಡಬೇಕಾದುದೇನು?

ಒಡೆದ ಗ್ರಂಥ

ಮೂಡಬಿದಿರೆಗೆ ಬಂದ ಯಾತ್ರಿಕರಿಗೆ ಸಿದ್ಧಾಂತದರ್ಶನವೆಂದರೆ ರತ್ನಬಿಂಬಗಳೊಡನೆ ಈ ಗರಿಗಳ ದರ್ಶನವೂ ಆಗಿತ್ತು. ಓದಬಲ್ಲವರು ವಿರಳರಾದ ಕಾಲದಲ್ಲಿಯೂ ಗ್ರಂಥವು ಪೂಜ್ಯವಾಗಿಯೇ ಉಳಿದು ಪೂಜೆಯಿಂದಲೇ ರಕ್ಷಿತವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಪ್ರತಿಲಿಪಿಯ ಕಾರ್ಯ ಆರಂಭವಾಗಿ, 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಧವಲೆಯ ಮೊದಲ ಸಂಪುಟ ಪ್ರಕಟವಾಯಿತು. 1958ರ ಹೊತ್ತಿಗೆ ಹದಿನಾರು ಸಂಪುಟಗಳು ಪೂರ್ಣಗೊಂಡವು. ಜಯಧವಲೆಯ ಪ್ರಕಟಣೆ 1944ರಲ್ಲಿ ಮಥುರೆಯಿಂದಲೂ ಮಹಾಬಂಧದ್ದು 1947ರಲ್ಲಿ ಭಾರತೀಯ ಜ್ಞಾನಪೀಠದಿಂದಲೂ ಮೊದಲಾಯಿತು. ಜೈನಸಮಾಜವು ಆ ಸಂಪಾದಕರ ಋಣವನ್ನು ಎಂದೂ ತೀರಿಸಲಾರದು. ಅವರ ಲಕ್ಷ್ಯ ಪಾಠಶುದ್ಧಿಯ ಕಡೆಗಿದ್ದುದು ಸಹಜ ಮತ್ತು ಉಚಿತ. ತರುವಾಯ ಚಿತ್ರಗಳು ಸಿ. ಶಿವರಾಮಮೂರ್ತಿ, ಮೋತಿಚಂದ್ರ, ಉ. ಪ್ರೇ. ಶಾಹ, ಸರಯೂ ದೋಶಿ ಮೊದಲಾದವರ ಬರೆಹಗಳಿಂದ ಕಲಾಲೋಕಕ್ಕೆ ಪರಿಚಿತವಾದವು. ಹೀಗೆ ಒಂದೇ ಗರಿಯ ಅಕ್ಷರವು ಸಿದ್ಧಾಂತಪಂಡಿತರ ಕಡೆಗೂ ಚಿತ್ರವು ಕಲಾವಿಮರ್ಶಕರ ಕಡೆಗೂ ಹೋಯಿತು. ಚಿತ್ರವನ್ನು ಬಲ್ಲವರಿಗೆ ಪಕ್ಕದ ಸೂತ್ರ ಯಾವುದೆಂದು ತಿಳಿಯದು. ಸೂತ್ರವನ್ನು ಬಲ್ಲವರಿಗೆ ಪಕ್ಕದಲ್ಲಿ ಚಿತ್ರವಿತ್ತೆಂಬುದೇ ತಿಳಿಯದು.

ಈ ವಿಭಾಗವನ್ನು ಸರಿಪಡಿಸುವುದು ಹಸ್ತಪ್ರತಿಶಾಸ್ತ್ರದ ಹೊಣೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ (1948) ಈ ನಾಡಿನ ಭಂಡಾರಗಳ ಸಂಪತ್ತನ್ನು ಲೋಕಕ್ಕೆ ತಿಳಿಸಿತು. ಆ ಕಾರ್ಯದ ಮುಂದಿನ ಹಂತವಾಗಿ ಚಿತ್ರಿತ ಗರಿಗಳಿಗೆ ಪ್ರತ್ಯೇಕವಾದ ವರ್ಣನಾತ್ಮಕ ಸೂಚಿಯೊಂದು ಬೇಕು. ಅದರಲ್ಲಿ ಗರಿಯ ಸಂಖ್ಯೆ, ಮುಂಬದಿ-ಹಿಂಬದಿಗಳ ನಿರ್ದೇಶ, ಚಿತ್ರವು ರಂಧ್ರದಿಂದ ಯಾವ ಕಡೆಗಿದೆ ಎಂಬುದು, ಅಂಚಿನ ಪಟ್ಟಿಕೆಯ ಸ್ವರೂಪ, ಭಕ್ತರ ಮುಖದ ದಿಕ್ಕು, ವರ್ಣ-ವಾಹನಗಳು, ಎಲ್ಲಕ್ಕಿಂತ ಮುಖ್ಯವಾಗಿ ಚಿತ್ರದ ಪಕ್ಕದಲ್ಲಿರುವ ಪಾಠವು ಮುದ್ರಿತ ಸಂಪುಟದ ಯಾವ ಸೂತ್ರದ್ದು ಎಂಬುದು ನಮೂದಾಗಬೇಕು. ಛಾಯಾಚಿತ್ರವನ್ನಾಗಲಿ ಗಣಕಯಂತ್ರದ ಪ್ರತಿಬಿಂಬವನ್ನಾಗಲಿ ತೆಗೆಯುವವರು ಗರಿಯನ್ನು ತುದಿಯಿಂದ ತುದಿಯವರೆಗೆ ಇಡಿಯಾಗಿ ತೆಗೆಯಬೇಕು. ಚಿತ್ರದ ಚೌಕವನ್ನು ಮಾತ್ರ ಕತ್ತರಿಸಿ ತೋರಿಸುವ ಪದ್ಧತಿಯನ್ನು ಬಿಡಬೇಕು. ಬಸದಿಯ ಗರ್ಭಗೃಹವನ್ನು ಬಿಟ್ಟು ಬಿಂಬವನ್ನು ಮಾತ್ರ ವರ್ಣಿಸುವವನು ಬಸದಿಯನ್ನು ವರ್ಣಿಸಿದಂತಾಗದು. ಗರಿಯ ವಿಷಯದಲ್ಲಿಯೂ ಹಾಗೆಯೇ.

ದೇಮಿಯಕ್ಕನು ತನ್ನ ಗುರುಗಳಿಗೆ ಅರ್ಪಿಸಿದುದು ಚಿತ್ರಗಳಿಂದ ಕೂಡಿದ ಒಂದು ಶ್ರುತಸ್ಕಂಧವನ್ನು. ಅಕ್ಷರವನ್ನು ಓದಬಲ್ಲ ಮುನಿಗೂ ಕೈಮುಗಿದು ನಿಲ್ಲಬಲ್ಲ ಶ್ರಾವಿಕೆಗೂ ಆ ಒಂದೇ ಗರಿಯಲ್ಲಿ ಸ್ಥಾನವಿತ್ತು. ಒಂದು ಕಡೆ ಜ್ಞಾನ, ಇನ್ನೊಂದು ಕಡೆ ಭಕ್ತಿ, ನಡುವೆ ಅವೆರಡನ್ನೂ ಹಿಡಿದಿಟ್ಟ ದಾರ. ಎಂಟು ಶತಮಾನಗಳಿಗೂ ಮಿಗಿಲಾಗಿ ಬಿಡದೆ ಬಂದ ಆ ಕಟ್ಟನ್ನು ಅಧ್ಯಯನದಲ್ಲಿಯೂ ಬಿಡದಂತೆ ಕಾಯುವುದು ವಿದ್ವಾಂಸರ ಕರ್ತವ್ಯವಾಗಿದೆ.